ಊಟದ ಮೇಜಿನ ಜಗಜಟ್ಟಿ

ಆಟಿಕೆ ಅಂಗಡಿಯವನು ಆ ಮಾತನ್ನು ಸ್ವಲ್ಪ ಸುತ್ತಿ ಬಳಸಿ ಹೇಳಬಹುದಿತ್ತು ಎಂಬುದೇ ಯಜಮಾನರ ಮೊದಲ ದೂರು. ಸಾವಿನ ಸುದ್ದಿಯನ್ನು ಯಾರೂ ಒಂದೇ ಏಟಿಗೆ ಹೇಳುವುದಿಲ್ಲ. ಮೊದಲು ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, "ಸ್ವಲ್ಪ ಹುಷಾರಿರಲಿಲ್ಲವಂತೆ" ಎಂದು ಶುರು ಮಾಡುತ್ತಾರೆ. ಇವನಾದರೋ ಒಂದು ಬೊಂಬೆಯ ಮೂಗಿನ ಧೂಳು ಒರೆಸುತ್ತಲೇ, "ಆ ಕುಸ್ತಿ ಕಾರ್ಡು ಇನ್ಮೇಲೆ ಬರಲ್ಲ ಸಾರ್. ಮಾಡ್ತಿದ್ದ ಅಜ್ಜನಿಗೆ ವಯಸ್ಸಾಯ್ತಂತೆ, ನಿಲ್ಲಿಸಿಬಿಟ್ರಂತೆ. ಇದೇ ಕೊನೇ ಕಟ್ಟು" ಎಂದು ಒಂದು ಪುಟ್ಟ ಪೊಟ್ಟಣವನ್ನು ಗಾಜಿನ ಮೇಲೆ ತಳ್ಳಿ, ಮುಂದಿನ ಬೊಂಬೆಯ ಮೂಗಿಗೆ ಹೋದ.

(ಯಜಮಾನರು ಎಂದ ಕೂಡಲೇ ಗಾಬರಿಯಾಗಬೇಡಿ. ಅದು ಮನೆಯಲ್ಲಿ ಅವರಿಗಿರುವ ಗೌರವ ಪದವಿ. ಅಧಿಕಾರ ಹೆಂಡತಿಯ ಕೈಯಲ್ಲಿದೆ, ಮೇಲ್ಮನವಿ ಕೇಳುವವರು ಅವಳ ತಾಯಿ, ಅಂದರೆ ಯಜಮಾನರ ಅತ್ತೆ.)

ಯಜಮಾನರ ವೃತ್ತಿ ಹಲ್ಲು ಕಟ್ಟುವುದು. ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದೆ, ನೀರಿನ ಟ್ಯಾಂಕಿಗೂ ಕಾಂಪೌಂಡಿಗೂ ನಡುವಿನ ಒಂದು ಕೋಣೆಯಲ್ಲಿ ಅವರು ಕೂರುತ್ತಾರೆ. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಜೋಡಿಸಿ, ತಿಕ್ಕಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಊರಿನ ಅರ್ಧ ಮುದುಕರ ಬಾಯಲ್ಲಿ ನಗುತ್ತಿರುವುದು ಯಜಮಾನರ ಕೈಚಳಕವೇ. ಆದರೆ ಅದು ಬರೀ ಹೊಟ್ಟೆಪಾಡು. ಬದುಕು ಎಂದರೆ ಕುಸ್ತಿ.

ಜನ್ಮದಲ್ಲಿ ಅವರು ಯಾರನ್ನೂ ತಳ್ಳಿದವರಲ್ಲ. ಬಸ್ಸಿನಲ್ಲಿ ಇಳಿಯುವುದಕ್ಕೂ ಎರಡು ಸ್ಟಾಪು ಮೊದಲೇ ಅಕ್ಕಪಕ್ಕದವರ ಅಪ್ಪಣೆ ಕೇಳುವ ಆಸಾಮಿ. ಅವರದು ಕಾಗದದ ಕುಸ್ತಿ. ಒಬ್ಬೊಬ್ಬ ಜಟ್ಟಿಗೂ ಅಂಗೈಯಗಲದ ಒಂದು ಕಾರ್ಡು. ಮೇಲೆ ಮೀಸೆ, ತೋಳು, ತೊಡೆ ಸಮೇತ ಚಿತ್ರ, ಕೆಳಗೆ ಒಂದರಿಂದ ಆರರವರೆಗೆ ಆರು ಸಾಲು. ದಾಳ ಎಸೆದಾಗ ಯಾವ ಅಂಕಿ ಬಿತ್ತೋ ಆ ಸಾಲಿನಲ್ಲಿ ಬರೆದಂತೆ ಜಟ್ಟಿ ಎದುರಾಳಿಯನ್ನು ಎತ್ತುತ್ತಾನೆ, ಒಗೆಯುತ್ತಾನೆ, ಇಲ್ಲವೇ ತಾನೇ ಮಕಾಡೆ ಬೀಳುತ್ತಾನೆ. ಎರಡೂ ಕಡೆಗೆ ದಾಳ ಎಸೆಯುವವರು ಯಜಮಾನರೇ. ರೆಫರಿಯೂ ಅವರೇ, ಪ್ರೇಕ್ಷಕರ ಗದ್ದಲವೂ ಅವರೇ (ಬಾಯಿಗೆ ಕೈ ಅಡ್ಡ ಹಿಡಿದು "ಹ್ಹಾಆಆ" ಎನ್ನುತ್ತಾರೆ). ಮದುವೆಗೆ ಮೊದಲು ಹಿಡಿದ ಹುಚ್ಚು, ಮದುವೆಯಾದ ಮೇಲೆ ಬಿಟ್ಟೀತು ಎಂದು ಬಂಧುಬಳಗ ನಂಬಿತ್ತು. ಮದುವೆ ಹಳೆಯದಾಯಿತು, ಹುಚ್ಚು ಮಾತ್ರ ಪ್ರತಿ ವರ್ಷ ಹೊಸ ಕಾರ್ಡಿನ ಕಟ್ಟು ಬಂದಾಗಲೆಲ್ಲ ಮತ್ತೆ ಚಿಗುರುತ್ತಿತ್ತು.

ಈ ಮಲ್ಲಯುದ್ಧದ ಕಣ ಮನೆಯ ಊಟದ ಮೇಜು. ಮೇಜಿನ ಅರ್ಧ ಭಾಗದಲ್ಲಿ ಜಟ್ಟಿಗಳು ಕಾಯಂ ಬೀಡುಬಿಟ್ಟಿದ್ದರು. ಕುಸ್ತಿ ನಡೆಯುವುದು ಭಾನುವಾರ ಮಧ್ಯಾಹ್ನ ಮಾತ್ರವಾದರೂ, ಅರ್ಧಕ್ಕೆ ನಿಂತ ಪಂದ್ಯವನ್ನು ವಾರವಿಡೀ ಯಾರೂ ಮುಟ್ಟುವಂತಿರಲಿಲ್ಲ. ಉಳಿದರ್ಧದಲ್ಲಿ ಗಂಡ, ಹೆಂಡತಿ, ಅತ್ತೆ ಮೂವರೂ ಮೊಣಕೈಗೆ ಮೊಣಕೈ ತಾಗಿಸಿ ಉಣ್ಣಬೇಕು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ರವಿಕೆಯ ಹೊಲಿಗೆ ಬಿಡಿಸುವುದು, ಸಣ್ಣಗಾದವರ ಅಂಗಿ ಬಿಗಿಮಾಡುವುದು ಅವಳ ಕಸುಬು. ಬಟ್ಟೆ ಹರವಿ ಕತ್ತರಿಸಲು ಅವಳಿಗೆ ಮೇಜು ಬೇಕು. ಸಿಕ್ಕಿದ್ದು ನೆಲ. ಮಂಡಿಯೂರಿ ಕತ್ತರಿಸಿ ಕತ್ತರಿಸಿ ಅವಳ ಮಂಡಿಗಳು ಏಳುವಾಗ ಕೂರುವಾಗ ಹಳೇ ಬಾಗಿಲಿನಂತೆ ಸದ್ದು ಮಾಡತೊಡಗಿದ್ದವು. ಈ ಸದ್ದನ್ನು ಗಂಡನ ಕಿವಿಗೆ ಬೀಳುವಂತೆಯೇ ಅವಳು ಏಳುತ್ತಿದ್ದಳು, ಕೂರುತ್ತಿದ್ದಳು.

ಆಟಿಕೆ ಅಂಗಡಿಯಿಂದ ಹೊರಬಿದ್ದ ಯಜಮಾನರಿಗೆ ಆ ದಿನ ಕಾಲು ನಿಲ್ಲಲಿಲ್ಲ. ತಮ್ಮ ರಸ್ತೆಯ ತಿರುವು ದಾಟಿ ಮುಂದೆ ಹೋದರು, ಹಿಂದಕ್ಕೆ ಬಂದರು, ಮತ್ತೆ ದಾಟಿದರು. ಮಾರನೇ ದಿನ ಕೆಲಸದ ಕೋಣೆಯಲ್ಲಿ ಒಂದೇ ಮುಂಬಾಚಿ ಹಲ್ಲನ್ನು ಉಜ್ಜುತ್ತಾ ಉಜ್ಜುತ್ತಾ ಅದು ಅಕ್ಕಿಕಾಳಿನಷ್ಟಾಯಿತು. ಮನೆಗೆ ಬಂದರೆ ಫ್ರಿಜ್ಜಿನ ಬಾಗಿಲು ತೆಗೆಯುವರು, ಒಳಗೆ ದಿಟ್ಟಿಸುವರು, ಮುಚ್ಚುವರು. ಕುರ್ಚಿಯಲ್ಲಿ ಕೂತು ಎದ್ದು, ಇನ್ನೊಂದರಲ್ಲಿ ಕೂರುವರು.

"ಅದರೊಳಗೆ ಏನು ಹುಡುಕ್ತಿದ್ದೀರಿ?" ಎಂದಳು ಹೆಂಡತಿ, ಫ್ರಿಜ್ಜು ನಾಲ್ಕನೇ ಸಲ ಬಾಯಿ ಬಿಟ್ಟಾಗ.

"ಏನಿಲ್ಲ."

"ಏನಿಲ್ಲ ಅಂತಾದ್ರೆ ಬಾಗಿಲು ಮುಚ್ಚಿ. ತಣ್ಣಗಿರೋದೆಲ್ಲ ಬಿಸಿಯಾಗತ್ತೆ."

ಕೊನೆಗೆ ಗುರುವಾರ ಊಟದ ಹೊತ್ತಿಗೆ ಯಜಮಾನರಿಗೆ ಒಂದು ಮಹಾ ಯೋಚನೆ ಹೊಳೆಯಿತು. ಹೊಸ ರಕ್ತವಿಲ್ಲದೆ ಆಟ ಸೊರಗಿ ಸೊರಗಿ ಸಾಯುವುದನ್ನು ನೋಡುವ ಬದಲು ತಾವೇ ಅದನ್ನು ರಾಜಮರ್ಯಾದೆಯಿಂದ ಮುಗಿಸಬೇಕು. ಒಂದು ಭವ್ಯ ವಿದಾಯ ಪಂದ್ಯಾವಳಿ. ಆಮೇಲೆ ಕಾರ್ಡುಗಳೆಲ್ಲ ಪೆಟ್ಟಿಗೆಗೆ, ಪೆಟ್ಟಿಗೆ ಅಟ್ಟಕ್ಕೆ. ಅವರು ಗಂಟಲು ಸರಿಮಾಡಿಕೊಂಡು ಇದನ್ನು ಘೋಷಿಸಿ, ಬರಲಿರುವ ಬೇಡಿಕೆಗಾಗಿ ಸ್ವಲ್ಪ ಹೊತ್ತು ತಟ್ಟೆ ನೋಡುತ್ತಾ ಕೂತರು. "ಹಾಗೆಲ್ಲ ಮಾಡ್ಬೇಡಿ, ಇಷ್ಟು ವರ್ಷ ಆಡಿದ್ದೀರಿ" ಎಂದು ಅವಳು ಹೇಳಬೇಕು, ಇವರು "ಇಲ್ಲ, ತೀರ್ಮಾನವಾಗಿದೆ" ಎನ್ನಬೇಕು, ಅವಳು ಮತ್ತೊಮ್ಮೆ ಹೇಳಬೇಕು, ಇವರು ಅರೆಮನಸ್ಸಿನಿಂದ ಒಪ್ಪಿಕೊಳ್ಳಬೇಕು. ಇದು ಅವರು ಹಾಕಿದ್ದ ಲೆಕ್ಕ.

"ಹಾಗಾದ್ರೆ ಸೋಮವಾರದಿಂದ ಮೇಜು ನಂದು ತಾನೇ?" ಎಂದಳು ಹೆಂಡತಿ.

ಯಜಮಾನರು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದರು. ನಿಜಕ್ಕೂ ನೋವಾಯಿತು ಅವರಿಗೆ. ಅರ್ಧ ಆಯುಸ್ಸನ್ನು ಸವೆಸಿದ ಆಟ ಮುಗಿಯುತ್ತದೆ ಎಂದರೆ ಈ ಮನೆಯಲ್ಲಿ ಒಂದು ಲೊಚಗುಟ್ಟುವ ಸದ್ದೂ ಇಲ್ಲ. ಆಡಿದ ಮಾತನ್ನು ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. "ತಗೋ ಮಾರಾಯ್ತಿ, ನಿಂದೇ" ಎಂದು ಬಿಮ್ಮಗೆ ಹೇಳಿ ನೀರು ಕುಡಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಕೊನೇ ಪಂದ್ಯ ಯಾರ್ಯಾರಿಗೆ?" ಎಂದು ಕೇಳಿದರು ಅತ್ತೆ. ಅವರು ಅನ್ನವನ್ನು ಎಡಗಡೆಯ ಕೆನ್ನೆಯಲ್ಲೇ ತಿರುಗಿಸಿ ತಿರುಗಿಸಿ ನುರಿಸುತ್ತಿದ್ದರು. ಅವರ ಬಾಯಲ್ಲಿರುವುದು ಅಳಿಯನೇ ಕಟ್ಟಿಕೊಟ್ಟ ಹಲ್ಲಿನ ಸೆಟ್ಟು. ಅದು ಬಾಯಿ ಸೇರಿದ ದಿನದಿಂದ ಒಂದೇ ಪಕ್ಕಕ್ಕೆ ಕಚ್ಚುತ್ತದೆ ಎಂಬುದು ಅತ್ತೆಯ ಹಳೆಯ ಫಿರ್ಯಾದು. ಸೆಟ್ಟು ನೇರವಾಗಿದೆ, ವಾಲಿರುವುದು ಅತ್ತೆಯ ದವಡೆ ಎಂಬುದು ಅಳಿಯನ ಅಷ್ಟೇ ಹಳೆಯ ತೀರ್ಪು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಪ್ರಯೋಗಿಸಿ ಸುಸ್ತಾಗಿದ್ದರು. ವಸಡು ನೋಯುತ್ತದೆಂದು ಮಧ್ಯಾಹ್ನ ಊಟವಾದ ಕೂಡಲೇ ಅತ್ತೆ ಹಲ್ಲು ತೆಗೆದು ಗಾಜಿನ ಲೋಟದ ನೀರಿನಲ್ಲಿಡುತ್ತಿದ್ದರು.

"ಬಂಡೆಗೂ ಬಿರುಗಾಳಿಗೂ" ಎಂದರು ಯಜಮಾನರು. "ಜಗಜಟ್ಟಿ ಪಟ್ಟಕ್ಕೆ. ಬಂಡೆ ಇದುವರೆಗೂ ಪಟ್ಟ ಬಿಟ್ಟುಕೊಟ್ಟಿಲ್ಲ. ಇನ್ನು ಬಿಡೋದೂ ಇಲ್ಲ."

(ಬಂಡೆ ಒಬ್ಬ ಬೋಳುತಲೆಯ ಮಹಾಕಾಯ. ವರ್ಷಗಟ್ಟಲೆಯಿಂದ ಅವನೇ ಚಾಂಪಿಯನ್. ಪಟ್ಟ ಎಂದರೆ, ಯಾರೋ ಗಿರಾಕಿ ಬೇಡವೆಂದು ಬಿಟ್ಟುಹೋದ ದವಡೆ ಹಲ್ಲಿಗೆ ತೊಡಿಸುವ ಬಂಗಾರ ಬಣ್ಣದ ಟೋಪಿ. ಅದನ್ನು ಬಂಡೆಯ ಕಾರ್ಡಿನ ತಲೆಗೇ ಒರಗಿಸಿ ಇಡಲಾಗುತ್ತಿತ್ತು.)

"ಮತ್ತೆ ಕತ್ತರಿ?" ಎಂದಳು ಹೆಂಡತಿ, ಉಪ್ಪಿನ ಡಬ್ಬಿ ಮುಚ್ಚುತ್ತಾ. ತೀರಾ ಸಹಜವಾಗಿ ಕೇಳಿದ ಹಾಗೆ.

"ಯಾವ ಕತ್ತರಿ?"

"ಅವನೇ, ನಿಮ್ಮ ಸಣಕಲು ಕಾಲಿನವನು. ಕಾಲ್ಗತ್ತರಿ ಹಾಕ್ತಾನಲ್ಲ."

"ಹಾಕೋದೆಲ್ಲಿ, ಹಾಕಿದ್ದೇ ಇಲ್ಲ. ಅವನು ಹುಟ್ಟಾ ಸೋಲುಗಾರ. ಕೊನೇ ದಿನದ ಕಾರ್ಯಕ್ರಮದಲ್ಲಿ ಅವನಿಗೇನು ಕೆಲಸ?"

ಆ ರಾತ್ರಿಯ ಸಾರು ಸಪ್ಪೆಯಾಗಿತ್ತು. ಶುಕ್ರವಾರದ ಸಾರು ಇನ್ನೂ ಸಪ್ಪೆಯಾಗಿತ್ತು. ಹೊಲಿಗೆ ಯಂತ್ರ ಒಮ್ಮೆ ಓಡಿ ಒಮ್ಮೆ ನಿಂತು ಒದ್ದಾಡಿತು. ಶನಿವಾರ ಬೆಳಿಗ್ಗೆ ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದು ಮೇಜಿನ ಮುಂದೆ ನಿಂತಳು.

"ಇಷ್ಟು ವರ್ಷ ನೆಲದ ಮೇಲೆ ಬಟ್ಟೆ ಕತ್ತರಿಸಿದ್ದೀನಿ. ಒಂದಾದ್ರೂ ಕೇಳಿದ್ದೀನಾ?"

"ದಿನಾ ಮೇಜು ಕೇಳ್ತಿದ್ದೆಯಲ್ಲ."

"ಮೇಜು ಬಿಡಿ. ಈಗ ಕೇಳ್ತೀನಿ. ಕೊನೇ ಪಂದ್ಯ ಬಂಡೆಗೂ ಕತ್ತರಿಗೂ ಆಗ್ಬೇಕು."

ಯಜಮಾನರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. "ನಿನಗೆ ಅವನು ಹೇಗೆ ಗೊತ್ತು?"

"ಅರ್ಧ ಮೇಜಿನ ಮೇಲೆ ಊಟ ಮಾಡೋಳಿಗೆ ಎದುರುಗಡೆ ಮಲಗಿರೋರು ಗೊತ್ತಾಗಲ್ವಾ? ಆ ಮಂಡೆಬೋಳ ಗೆದ್ದು ಗೆದ್ದು ಕೊಬ್ಬಿದ್ದಾನೆ. ಇವನು ಕಸುಬಿನ ಹೆಸರಿಟ್ಟುಕೊಂಡವನು. ಪ್ರತಿ ಸಲ ತನ್ನ ಕಾಲಿಗೆ ತಾನೇ ತೊಡರಿ ಬೀಳ್ತಾನೆ. ಒಂದು ಸಲ, ಒಂದೇ ಒಂದು ಸಲ ಅವನ ಕಾಲ್ಗತ್ತರಿ ನೋಡ್ಬೇಕು ಅಂತ ನನಗೆ ಆಸೆ. ಆಮೇಲೆ ಬೇಕಾದ್ರೆ ಅಟ್ಟಕ್ಕೆ ಹಾಕಿ."

ಸಾಯುವವನ ಕೊನೆಯಾಸೆಯಂತೆ ಇದೂ ಒಂದು ಎಂದು ಯಜಮಾನರು ಉದಾರವಾಗಿ ಒಪ್ಪಿಕೊಂಡರು. ಸಾರಿಗೆ ಉಪ್ಪು ಬಂತು.

ಇಲ್ಲಿ ದಾಳದ ವಿಚಾರ ಹೇಳಿಬಿಡಬೇಕು. ಆಟದ ಪೆಟ್ಟಿಗೆಯೊಂದಿಗೆ ಬಂದಿದ್ದ ಮೂಲ ದಾಳ ಎಂದೋ ಕೆಲಸದ ಕೋಣೆಯಲ್ಲಿ ಪ್ಲಾಸ್ಟರಿನ ಬಟ್ಟಲಿಗೆ ಬಿದ್ದು, ಯಾರದೋ ದವಡೆಯ ಅಚ್ಚಿನೊಳಗೆ ಗಟ್ಟಿಯಾಗಿಹೋಯಿತು. ಯಜಮಾನರು ಎದೆಗುಂದದೆ, ಹಲ್ಲು ಮಾಡುವ ಬಿಳಿ ಸಾಮಗ್ರಿಯಿಂದಲೇ ಹೊಸ ದಾಳ ಎರಕ ಹೊಯ್ದರು. ಕನ್ನಡಕವಿಲ್ಲದೆಯೂ ಅಂಕಿ ಕಾಣಲಿ ಎಂದು ತಮ್ಮ ಸಣ್ಣ ಡ್ರಿಲ್ಲಿನಿಂದ ಚುಕ್ಕೆಗಳನ್ನು ಆಳವಾಗಿ ಕೊರೆದರು. ಒಂದಕ್ಕೆ ಒಂದು ಗುಳಿ, ಆರಕ್ಕೆ ಆರು ಗುಳಿ. ಹೊಳಪು ಕೊಟ್ಟರು. ಅವರ ಕೈಯಿಂದ ಬಂದ ವಸ್ತುಗಳಲ್ಲಿ ಅವರಿಗೆ ಅತಿ ಹೆಚ್ಚು ಅಭಿಮಾನವಿದ್ದುದು ಇದರ ಮೇಲೆ. "ಮನುಷ್ಯನಿಗೆ ನೆಂಟರಿರ್ತಾರೆ, ದಾಳಕ್ಕೆ ನೆಂಟರಿಲ್ಲ" ಎಂಬುದು ಅವರು ಆಗಾಗ ಹೇಳುತ್ತಿದ್ದ ಸುಭಾಷಿತ (ಹೇಳುವಾಗ ಅತ್ತೆಯ ಕಡೆ ನೋಡುತ್ತಿದ್ದರು).

ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳು ಸರಿದವು. ಯಜಮಾನರು ಕ್ಲಿನಿಕ್ಕಿನ ಬಿಳಿ ಕೋಟು ತೊಟ್ಟು ರೆಫರಿಯಾದರು. ಹೆಂಡತಿ ತನ್ನ ಬಟ್ಟೆ ಗುರುತಿನ ಸೀಮೆಸುಣ್ಣದಿಂದ ಮೇಜಿನ ಮೇಲೆ ಚೌಕವಾಗಿ ಕಣ ಬರೆದು, ಮೂಲೆಗೊಂದು ದಾರದುಂಡೆ ಇಟ್ಟು ನಾಲ್ಕು ಸುತ್ತ ದಾರ ಎಳೆದಳು. ಇಷ್ಟು ಚಂದದ ಕಣವನ್ನು ಯಜಮಾನರು ಹಿಂದೆ ಕಂಡಿರಲಿಲ್ಲ. ಮುಗಿಯುವ ದಿನವೇ ಇದನ್ನು ನೋಡಬೇಕೇ ಎಂದುಕೊಂಡರು. ಅಟ್ಟಕ್ಕೆ ಹೋಗಬೇಕಾದ ಪೆಟ್ಟಿಗೆ ಕುರ್ಚಿಯ ಮೇಲೆ ಬಾಯಿ ತೆರೆದು ಕಾಯುತ್ತಿತ್ತು. ಅದರ ಕಡೆ ಅವರು ನೋಡದಿರಲು ಯತ್ನಿಸಿದರು. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು, ಹಲ್ಲು ತೆಗೆದು ಲೋಟದ ನೀರಿಗೆ ಹಾಕಿ ಲೋಟವನ್ನು ಮೇಜಿನ ಅಂಚಿಗೆ ಇಟ್ಟುಕೊಂಡರು. ಮಡಿಲಲ್ಲಿ ಹುರಿದ ಕಡಲೆಕಾಯಿ. ಹಲ್ಲಿದ್ದಾಗ ಕಡಲೆ ಇಲ್ಲ ಎಂಬಂತೆ, ಕಡಲೆ ಇರುವಾಗ ಅವರು ಹಲ್ಲು ತೆಗೆದಿಡುವವರು. ಕಡಲೆಕಾಯಿ ಸುಮ್ಮನೆ ಚಪ್ಪರಿಸಲು.

"ಮಾನ್ಯರೇ, ಮಹನೀಯರೇ" ಎಂದು ಯಜಮಾನರು ಶುರು ಮಾಡಿದರು. ಅಲ್ಲಿಗೆ ಭಾಷಣ ಬಿಟ್ಟು ಗಂಟೆ ಬಾರಿಸಿದರು (ಚಮಚ, ಲೋಟ).

ಬಂಡೆಗೆ ಮೊದಲ ದಾಳ. ಆರು. ಕಾರ್ಡಿನಲ್ಲಿ ಬರೆದಿತ್ತು: "ಹಾರಿ ಎದುರಾಳಿಯ ಎದೆಯ ಮೇಲೆ ಬೀಳುತ್ತಾನೆ." ಕತ್ತರಿಗೆ ದಾಳ. ಆರು. "ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತಾನೆ." ಕತ್ತರಿಯ ಕಾರ್ಡಿನ ದೌರ್ಭಾಗ್ಯವೇ ಅದು. ಆರು ಬಿದ್ದರೆ ತಾನು ಬೀಳುತ್ತಾನೆ, ಒಂದು ಬಿದ್ದರೆ ಎದುರಾಳಿಯನ್ನು ಎರಡು ಕಾಲುಗಳ ನಡುವೆ ಅದುಮಿ ಕಾಲ್ಗತ್ತರಿ ಹಾಕುತ್ತಾನೆ. ಕಾಲ್ಗತ್ತರಿ ಬಿದ್ದರೆ ಬಿಡಿಸಿಕೊಳ್ಳುವವರಿಲ್ಲ. ಆದರೆ ಒಂದು ಬೀಳಬೇಕಲ್ಲ.

ಮತ್ತೆ ಬಂಡೆಗೆ ಆರು. ಕತ್ತರಿಗೆ ನಾಲ್ಕು, ಪಕ್ಕಕ್ಕೆ ಹೊರಳಿದ. ಬಂಡೆಗೆ ಐದು. ಕತ್ತರಿಗೆ ಮತ್ತೆ ಆರು.

"ನಾನು ಮದುವೆಯಾಗಿ ಬಂದಾಗಿನಿಂದ ನೋಡ್ತಿದ್ದೀನಿ" ಎಂದಳು ಹೆಂಡತಿ. "ಇವನಿಗೆ ಒಂದು ಅನ್ನೋದೇ ಬೀಳಲ್ಲ."

"ಅದಕ್ಕೇ ಹುಟ್ಟಾ ಸೋಲುಗಾರ ಅಂದಿದ್ದು. ದಾಳಕ್ಕೆ ನೆಂಟರಿಲ್ಲ."

"ಬೇರೆಯವರಿಗಾದ್ರೂ ಬಿದ್ದಿದೆಯಾ, ಒಂದು?"

ಯಜಮಾನರು ಬಂಡೆಯ ಅಂತಿಮ ಪ್ರಹಾರಕ್ಕೆ ತಕ್ಕ ಗಾಂಭೀರ್ಯದಿಂದ ಕೈಯನ್ನು ಕಿವಿಯ ತನಕ ಎತ್ತಿ ದಾಳ ಬೀಸಿದರು. ಭಾವೋದ್ವೇಗದಲ್ಲಿ ಸ್ವಲ್ಪ ಜಾಸ್ತಿಯೇ ಬೀಸಿದರು. ದಾಳ ಕಣದ ದಾರಕ್ಕೆ ತಾಗಿ ಪುಟಿದು, ಬುಳುಕ್ ಎಂದು ಅತ್ತೆಯ ಹಲ್ಲಿನ ಲೋಟಕ್ಕೆ ಬಿತ್ತು.

ಮೂವರೂ ಬಗ್ಗಿ ನೋಡಿದರು. ದಾಳ ನೀರಿನಲ್ಲಿ ನಿಧಾನವಾಗಿ ಇಳಿಯುತ್ತಾ ಮಗ್ಗುಲು ತಿರುಗಿಸಿ, ಅತ್ತೆಯ ದವಡೆಯ ಪಕ್ಕದಲ್ಲಿ ಕೂತಿತು. ಆರು.

"ಆರು" ಎಂದು ಸಾರಿದರು ಯಜಮಾನರು. "ನೀರಲ್ಲೂ ಆರು. ಹಣೆಬರಹ ಅಂದ್ರೆ ಇದು."

ಅತ್ತೆ ಚಮಚದಿಂದ ದಾಳವನ್ನೆತ್ತಿ ಮತ್ತೆ ನೀರಿಗೆ ಬಿಟ್ಟರು. ಅದು ಮತ್ತೆ ಹೊರಳಿ ಆರು ಮೇಲಾಗಿ ಕೂತಿತು. ಇನ್ನೊಂದು ಸಲ, ಈ ಬಾರಿ ಒಂದನ್ನು ಮೇಲೆ ಮಾಡಿ ಬಿಟ್ಟರು. ದಾಳ ಅರ್ಧ ದಾರಿಯಲ್ಲಿ ಪಲ್ಟಿ ಹೊಡೆಯಿತು. ಆರು.

"ನನ್ನ ಹಲ್ಲೂ ಹೀಗೇ ಮಾಡತ್ತೆ" ಎಂದರು ಅತ್ತೆ, ಬೊಚ್ಚು ಬಾಯಲ್ಲಿ, ಬಹಳ ಸಮಾಧಾನದಿಂದ. "ದಿನಾ ನೋಡ್ತೀನಿ. ಹೇಗೆ ಹಾಕಿದ್ರೂ ನೀರಲ್ಲಿ ಎಡಕ್ಕೇ ವಾಲಿ ಕೂರತ್ತೆ. ಲೋಟಕ್ಕೂ ದವಡೆ ಡೊಂಕಿದೆಯಾ ಅಳಿಯಂದಿರೇ?"

ಅತ್ತೆ ಹಲ್ಲಿನ ಸೆಟ್ಟನ್ನೂ ಎತ್ತಿ ನೀರಿಗೆ ಬಿಟ್ಟು ತೋರಿಸಿದರು. ಅದು ಮೆಲ್ಲಗೆ ಎಡಮಗ್ಗುಲಾಗಿ, ದಿಂಬಿಗೆ ಒರಗಿದವರಂತೆ ಮಲಗಿತು.

ಅಷ್ಟರಲ್ಲಿ ಹೆಂಡತಿ ತನ್ನ ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲೆ ಕವುಚಿದ್ದಳು. ಸೊಂಟದ ಗುಂಡಿ, ಕೋಟಿನ ಗುಂಡಿ, ಕೊಕ್ಕೆಗಳ ನಡುವೆ ಎಂದೋ ಬಂದು ಸೇರಿದ್ದ ಹಾವು ಏಣಿ ಆಟದ ಒಂದು ಬಡಪಾಯಿ ದಾಳ ಸಿಕ್ಕಿತು. ಅದನ್ನು ಮತ್ತೆ ಮತ್ತೆ ಲೋಟಕ್ಕೆ ಬಿಟ್ಟಳು. ಮೂರು. ಎರಡು. ಐದು. ಒಂದು.

"ನಿಮ್ಮ ದಾಳಕ್ಕೆ ಆರರ ಮಗ್ಗುಲಿಗೆ ಆರು ಗುಂಡಿ ತೋಡಿದ್ದೀರಿ" ಎಂದಳು ಅವಳು, ಗಂಡನ ಕಲಾಕೃತಿಯನ್ನು ಬೆಳಕಿಗೆ ಹಿಡಿದು. "ಎದುರು ಮಗ್ಗುಲಿಗೆ ಒಂದೇ ಗುಂಡಿ. ಒಂದು ಕಡೆ ಪೊಳ್ಳು, ಒಂದು ಕಡೆ ಭಾರ. ಭಾರ ಇರೋ ಒಂದು ಕೆಳಗೆ ಹೋಗತ್ತೆ, ಆರು ಮೇಲೆ ಬರತ್ತೆ. ಸೆರಗಿನ ತುದಿಗೆ ಕುಚ್ಚು ಕಟ್ಟಿದ್ರೆ ಸೆರಗು ಯಾವ ಕಡೆ ಜೋತು ಬೀಳತ್ತೆ ಅಂತ ಹೊಲಿಗೆ ಕಲಿಯೋರಿಗೂ ಗೊತ್ತು."

"ಅದು ಸೂಕ್ಷ್ಮ ಕೆಲಸ. ಸ್ವಲ್ಪ ಹೆಚ್ಚುಕಡಿಮೆ..."

"ಈ ಸ್ವಲ್ಪ ಹೆಚ್ಚುಕಡಿಮೆಗೆ ಆ ಮಂಡೆಬೋಳ ಇಷ್ಟು ವರ್ಷ ಜಗಜಟ್ಟಿ. ನನ್ನ ಕತ್ತರಿ ಇಷ್ಟು ವರ್ಷ ಮಣ್ಣು ಮುಕ್ಕಿದ."

ನನ್ನ ಕತ್ತರಿ ಎಂದು ಅವಳು ಅಂದದ್ದು ಅವಳಿಗೂ ತಿಳಿಯಲಿಲ್ಲ. ಯಜಮಾನರಿಗೆ ತಿಳಿಯಿತು. ಆದರೆ ಅದನ್ನು ಹಿಡಿದು ಛೇಡಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಅರ್ಧಕ್ಕೆ ನಿಂತಿದ್ದ ಪಂದ್ಯ ಗುಂಡಿ ಡಬ್ಬಿಯ ದಾಳದಿಂದ ಮತ್ತೆ ಮೊದಲಿನಿಂದ ಶುರುವಾಯಿತು. ಯಜಮಾನರು ಕೈ ಚಾಚಿದರು. ಹೆಂಡತಿ ದಾಳವನ್ನು ಅತ್ತೆಯ ಕೈಗೆ ಕೊಟ್ಟಳು. ಬಂಡೆಗೆ ಎರಡು ಬಿತ್ತು. ಅವನ ಕಾರ್ಡಿನ ಎರಡನೇ ಸಾಲನ್ನು ಯಜಮಾನರು ಹಿಂದೆ ಓದಿದ ನೆನಪೇ ಇರಲಿಲ್ಲ. "ಏದುಸಿರು ಬಿಡುತ್ತಾ ಮೂಲೆ ಹಿಡಿಯುತ್ತಾನೆ." ಕತ್ತರಿಗೆ ಮೂರು. ಬಂಡೆಗೆ ನಾಲ್ಕು. ಕತ್ತರಿಗೆ ಐದು. ಪಂದ್ಯ ಎಳೆಯಿತು. ಹೆಂಡತಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಯಜಮಾನರು ಕುರ್ಚಿಯಿಂದ ಎದ್ದು ಕುರ್ಚಿಯ ಹಿಂದೆ ನಿಂತು, ಅಲ್ಲಿಂದ ಕಿಟಕಿಗೆ ಹೋಗಿ, ಕಿಟಕಿಯಿಂದ ವಾಪಸು ಬಂದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಮುಂದೇನಾಗುತ್ತದೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕತ್ತರಿಯ ಸರದಿಗೆ ಅತ್ತೆ ದಾಳ ಬಿಟ್ಟರು. ಅದು ಉರುಳಿ, ದಾರದುಂಡೆಗೆ ಒರಗಿ, ಒಂದು ಗಳಿಗೆ ಯೋಚಿಸಿ, ನಿಂತಿತು.

ಒಂದು.

"ಕಾಲ್ಗತ್ತರಿ" ಎಂದು ಹೆಂಡತಿ ಕೇಳೀ ಕೇಳದಂತೆ ಹೇಳಿದಳು. ಕಣ್ಣಲ್ಲಿ ನೀರಾಡುತ್ತಿತ್ತು. ಅವಳು ಬಂಡೆಯ ತಲೆಯಿಂದ ಬಂಗಾರದ ಹಲ್ಲನ್ನೆತ್ತಿ, ಸೆರಗಿನಿಂದ ಒರೆಸಿ, ಕತ್ತರಿಯ ಕಾರ್ಡಿಗೆ ಒರಗಿಸಿದಳು. ಅದನ್ನು ನೋಡುತ್ತಾ ಯಜಮಾನರು ಬಾಯಿಗೆ ಕೈ ಅಡ್ಡ ಹಿಡಿದು, ಅಭ್ಯಾಸಬಲದಿಂದ, "ಹ್ಹಾಆಆ" ಎಂದರು. ಪ್ರೇಕ್ಷಕರ ಕರ್ತವ್ಯ ಯಾರೂ ತಪ್ಪಿಸುವಂತಿಲ್ಲ.

ಆಮೇಲೆ ಭಾರವಾದ ಮನಸ್ಸಿನಿಂದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕತೊಡಗಿದರು.

"ಅದೇನು ಮಾಡ್ತಿದ್ದೀರಿ?" ಎಂದಳು ಹೆಂಡತಿ.

"ಮುಗೀತಲ್ಲ. ಅಟ್ಟಕ್ಕೆ."

"ಮುಗಿಯೋದು ಹೇಗೆ? ಆ ಕಳ್ಳ ದಾಳದಿಂದ ನಡೆದಿರೋ ಪಂದ್ಯಗಳೆಲ್ಲ ಏನಾಗ್ಬೇಕು? ಬಿರುಗಾಳಿ ಎಷ್ಟು ಸಲ ಅನ್ಯಾಯವಾಗಿ ಸೋತಿದ್ದಾನೋ. ಆ ಹಸಿರು ಮುಖವಾಡದವನು ಕೊನೆಗೆ ಕುಸ್ತೀನೇ ಬಿಟ್ಟ ಅಂತ ನೀವೇ ಹೇಳಿದ್ರಿ. ಅವನನ್ನ ವಾಪಸ್ ಕರೆಸ್ಬೇಕು. ಎಲ್ಲಾ ಪಂದ್ಯಾನೂ ಮತ್ತೆ ಆಡಿಸ್ಬೇಕು."

"ಎಲ್ಲಾನೂ ಅಂದ್ರೆ ವರ್ಷಗಟ್ಟಲೆ ಹಿಡಿಯತ್ತೆ."

"ಹಿಡೀಲಿ. ನ್ಯಾಯ ಅಂದ್ರೆ ನ್ಯಾಯ."

"ಹೊಸ ಕಾರ್ಡು ಬರಲ್ಲ ಈಗ."

"ಅದಕ್ಕೇನು ಬರಗಾಲ? ಅಳತೆ ಕತ್ತರಿಸೋ ದಪ್ಪ ಕಾಗದ ನನ್ನ ಹತ್ರ ಸುರುಳಿಗಟ್ಟಲೆ ಇದೆ."

ಯಜಮಾನರ ಎದೆ ಹಗುರಾಯಿತು. ಮುಖ ಗಂಟಿಕ್ಕಿಕೊಂಡೇ, ಒಳಗೊಳಗೆ ಅವರು ಕುಣಿದಾಡಿದರು. ಮೇಜೂ ಉಳಿಯಿತು, ಆಟವೂ ಉಳಿಯಿತು, ಬೇಡಿಕೊಂಡವಳು ಅವಳೇ. ಗುರುವಾರ ತಾವು ಹಾಕಿದ್ದ ಲೆಕ್ಕ ಸ್ವಲ್ಪ ತಡವಾಗಿಯಾದರೂ ಕೂಡಿಬಂತು. "ನೀನು ಇಷ್ಟು ಹೇಳ್ತೀಯ ಅಂದ್ರೆ ಇರಲಿ, ಬರೋ ಭಾನುವಾರ ನಾನು..." ಎಂದು ಅವರು ದೊಡ್ಡಸ್ತಿಕೆಯಿಂದ ಶುರು ಮಾಡಿದರು.

"ನೀವಲ್ಲ" ಎಂದಳು ಹೆಂಡತಿ. "ನಿಮ್ಮ ಮೇಲೆ ವಿಚಾರಣೆ ಇದೆ. ವಾಲಿದ ದಾಳ ಮಾಡಿದ ರೆಫರಿ ನೀವು. ಅದು ಇತ್ಯರ್ಥ ಆಗೋ ತನಕ ನೀವು ಅಮಾನತು. ಪಂದ್ಯ ನಾನು ನಡೆಸ್ತೀನಿ, ದಾಳ ಅಮ್ಮ ಎಸೀತಾರೆ."

ಯಜಮಾನರು ಮೇಲ್ಮನವಿಗೆಂದು ಅತ್ತೆಯ ಕಡೆ ತಿರುಗಿದರು. ಅತ್ತೆ ಲೋಟದಿಂದ ಹಲ್ಲನ್ನೆತ್ತಿ ನೀರು ಸೋರಿಸಿ ಅಳಿಯನ ಕೈಯಲ್ಲಿಟ್ಟರು.

"ಇದನ್ನ ನೆಟ್ಟಗೆ ಕಟ್ಟಿಕೊಂಡು ಬನ್ನಿ. ಎರಡೂ ಕಡೆ ಸಮ ಕಚ್ಚಿದ ದಿನ ನಿಮ್ಮನ್ನ ಒಳಗೆ ಸೇರಿಸ್ಕೊಳ್ಳೋಣ."

ಅಂದಿನಿಂದ ವಾರದ ದಿನಗಳಲ್ಲಿ ಇಡೀ ಮೇಜಿನ ಮೇಲೆ ಬಟ್ಟೆ ಹರಡಿತು. ಭಾನುವಾರ ಮಧ್ಯಾಹ್ನ ಇಡೀ ಮೇಜು ಕುಸ್ತಿಗೆ. ಅರ್ಧ ಮೇಜಿನ ಕಾಲ ಮುಗಿಯಿತು, ಯಜಮಾನರ ಪಾಲಿಗೆ ಪೂರ್ತಿ ಮುಗಿಯಿತು. ಹೆಂಡತಿ ದಪ್ಪ ಕಾಗದದಲ್ಲಿ ಹೊಸ ಜಟ್ಟಿಗಳನ್ನು ಕತ್ತರಿಸಿ ಬರೆದಳು. ಸೂಜಿಮಲ್ಲ ಬಂದ, ಜಿಪ್ಪು ಬಂದ, ಇಸ್ತ್ರಿ ಎಂಬ ಒಬ್ಬ ಭಯಂಕರನೂ ಬಂದ. ವಾಲುದವಡೆ ಎಂಬ ಒಬ್ಬ ಬಿಳಿ ಕೋಟಿನವನೂ ಬಂದ. ಅವನ ಕಾರ್ಡನ್ನು ಯಜಮಾನರು ಕದ್ದು ಓದಿದರು. ಒಂದು ಬಿದ್ದರೆ ನಿಟ್ಟುಸಿರು ಬಿಡುತ್ತಾನೆ, ಎರಡು ಬಿದ್ದರೆ ಫ್ರಿಜ್ಜಿನ ಬಾಗಿಲು ತೆಗೆಯುತ್ತಾನೆ, ಮೂರಕ್ಕೆ ಮುಚ್ಚುತ್ತಾನೆ. ಆರು ಬಿದ್ದರೆ ಎದುರಾಳಿಯದೇ ತಪ್ಪು ಎನ್ನುತ್ತಾನೆ. ಗೆಲ್ಲುವ ಸಾಲು ಒಂದೂ ಇರಲಿಲ್ಲ.

ಯಜಮಾನರು ಕೆಲಸದ ಕೋಣೆಯಲ್ಲಿ ಹಗಲೆಲ್ಲ ಅತ್ತೆಯ ದವಡೆಯ ಅಚ್ಚಿನ ಮುಂದೆ ಕೂತರು. ಮೇಣ ಕರಗಿಸಿದರು, ತಿದ್ದಿದರು, ಮತ್ತೆ ಕರಗಿಸಿದರು. ಪ್ರತಿ ಹಂತದಲ್ಲೂ ಒಂದು ಲೋಟ ನೀರಿಗೆ ಬಿಟ್ಟು ನೋಡಿದರು (ವೈದ್ಯರು ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೊರಟುಹೋದರು). ಕೊನೆಗೆ ಒಂದು ಶನಿವಾರ ಹೊಸ ಸೆಟ್ಟು ನೀರಿನಲ್ಲಿ ನೆಟ್ಟಗೆ, ಧ್ಯಾನಕ್ಕೆ ಕೂತವರಂತೆ ಕೂತಿತು. ಇಷ್ಟು ಒಳ್ಳೆಯ ಹಲ್ಲನ್ನು ಅವರು ಯಾವ ಗಿರಾಕಿಗೂ ಕಟ್ಟಿಕೊಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಅತ್ತೆ ಅದನ್ನು ಬಾಯಿಗಿಟ್ಟು, ಹಲ್ಲು ಹಲ್ಲಿಗೆ ತಟ್ಟಿ ನೋಡಿ, "ಯೋಚಿಸಿ ಹೇಳ್ತೀನಿ" ಎಂದು ಊಟದ ಕೋಣೆಯೊಳಗೆ ಹೋದರು. ಬಾಗಿಲು ಮುಚ್ಚಿತು. ಒಳಗೆ ಚಮಚ ಲೋಟಕ್ಕೆ ತಾಗಿ ಗಂಟೆ ಬಾರಿಸಿತು, ದಾಳ ಉರುಳಿತು. ಯಜಮಾನರು ಅಡುಗೆಮನೆಯಿಂದ ಬಾಗಿಲಿಗೂ ಬಾಗಿಲಿನಿಂದ ಅಡುಗೆಮನೆಗೂ ಓಡಾಡಿದರು. ಕೊನೆಗೆ ತಡೆಯಲಾರದೆ ಬಾಗಿಲಿಗೆ ಕಿವಿ ಕೊಟ್ಟು ನಿಂತರು.

ಕಟಕ್ ಎಂದಿತು. ಕಡಲೆಕಾಯಿ. ಸ್ವಲ್ಪ ಹೊತ್ತಿಗೆ ಮತ್ತೆ ಕಟಕ್. ಹಲ್ಲಿನ ಸದ್ದಿನಲ್ಲೇ ಬದುಕು ಸವೆಸಿದ ಕಿವಿಗೆ ಇನ್ನೇನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲನೆಯದು ಎಡಗಡೆ, ಎರಡನೆಯದು ಬಲಗಡೆ. ಆಮೇಲೆ ಎಡ, ಆಮೇಲೆ ಬಲ. ತಕ್ಕಡಿ ತೂಗಿದಷ್ಟು ಸಮ. ಯಜಮಾನರು ಬಿಳಿ ಕೋಟಿನ ಗುಂಡಿ ಹಾಕಿಕೊಂಡು, ಕೂದಲು ಸವರಿಕೊಂಡು ಬಾಗಿಲು ತಟ್ಟಿದರು.

"ಅತ್ತೆ, ಹಲ್ಲು ಹೇಗಿದೆ?"

ಒಳಗೆ ಕಟಕಟ ಸದ್ದು ತಟ್ಟನೆ ನಿಂತಿತು. ಗುಸುಗುಸು ಕೇಳಿತು. ಹೆಂಡತಿ ಕಿಸಕ್ಕೆಂದ ಹಾಗಾಯಿತು.

"ಯಾಕೋ ಅಳಿಯಂದಿರೇ," ಎಂದು ಅತ್ತೆಯ ದನಿ ಬಂತು, ಬಾಯಿತುಂಬ ಕಡಲೆಕಾಯಿ ತುಂಬಿಕೊಂಡ ದನಿ, "ಈಗ ಸ್ವಲ್ಪ ಬಲಕ್ಕೆ ವಾಲ್ತಿದೆ ಅನ್ಸತ್ತೆ."